ಹಟ್ಟಿಯ ಬಂಗಾರವೂ ಕನ್ನಡಿಗರ ಪಾಲೂ

ಒಂದು ನಾಡಿನ ಸಂಪತ್ತು ಯಾರ ಕೈಯಲ್ಲಿದೆಯೆಂಬುದನ್ನು ಅರಿಯಬೇಕಾದರೆ ಅಲ್ಲಿಯ ಸಭೆಗಳ ಭಾಷಣಗಳನ್ನು ಕೇಳಬೇಕಾದುದಿಲ್ಲ. ಅಲ್ಲಿಯ ಕಂಪನಿಗಳ ವಾರ್ಷಿಕ ಅಢಾವೆ ಪತ್ರಿಕೆಯನ್ನು ತೆರೆದು, ಲಾಭಾಂಶವೆಂಬ ಸಾಲಿನ ಮುಂದೆ ಯಾರ ಹೆಸರಿದೆಯೆಂದು ನೋಡಿದರೆ ಸಾಕು. ದುಡಿದವನು ಕೂಲಿಯ ಸಾಲಿನಲ್ಲಿ ಕಾಣುತ್ತಾನೆ; ಒಡೆಯನು ಲಾಭಾಂಶದ ಸಾಲಿನಲ್ಲಿ ಕಾಣುತ್ತಾನೆ. ಬೇರೆ ಉದ್ಯೋಗಗಳಿಗಿಂತ ಗಣಿಯ ಉದ್ಯೋಗದಲ್ಲಿ ಈ ಮಾತು ಹೆಚ್ಚು ನಿಜವು. ಏಕೆಂದರೆ ಗಿರಣಿಯು ಈ ವರ್ಷ ನೇಯ್ದ ಬಟ್ಟೆಯನ್ನು ಮುಂದಿನ ವರ್ಷವೂ ನೇಯಬಲ್ಲದು. ಹೊಲವು ಈ ಸುಗ್ಗಿಯಲ್ಲಿ ಕೊಟ್ಟ ಜೋಳವನ್ನು ಮುಂದಿನ ಸುಗ್ಗಿಯಲ್ಲಿಯೂ ಕೊಡುವದು. ನೆಲದಿಂದ ಒಮ್ಮೆ ಎತ್ತಿದ ಬಂಗಾರವಾದರೋ ಮತ್ತೆ ಅಲ್ಲಿ ಬೆಳೆಯುವದಿಲ್ಲ.

ನಮ್ಮ ಸ್ಟೇಶನ್ ಬಜಾರದಲ್ಲಿ ಬಂಗಾರದ ಮಾತಿಲ್ಲದ ದಿನವಿಲ್ಲ. ಮಗಳ ಮದುವೆಯ ಚಿಂತೆಯಲ್ಲಿರುವ ಮಾಸ್ತರರು, ಕೋರ್ಟಿಗೆ ಹೊರಟ ಕಕ್ಷಿದಾರರು, ರೈಲಿನಿಂದ ಇಳಿದ ವ್ಯಾಪಾರಿಗಳು, ಎಲ್ಲರೂ ತೊಲೆಯ ದರವನ್ನು ವಿಚಾರಿಸುವವರೇ. 2025ರ ಮಾರ್ಚದಲ್ಲಿ ಲೋಕದ ಪೇಟೆಯಲ್ಲಿ ಒಂದು ಔನ್ಸು ಬಂಗಾರದ ಬೆಲೆಯು 3,000 ಡಾಲರುಗಳನ್ನೂ, ಅದೇ ವರ್ಷದ ಅಕ್ಟೋಬರದಲ್ಲಿ 4,000 ಡಾಲರುಗಳನ್ನೂ ದಾಟಿದ ಮೇಲಂತೂ ಈ ವಿಚಾರಣೆಯು ನಿಟ್ಟುಸಿರಾಗಿ ಪರಿಣಮಿಸಿದೆ. ಆದರೆ ನಮ್ಮ ಕಲಬುರಗಿ ವಿಭಾಗದೊಳಗೇ, ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ, ನೆಲವನ್ನು ಸೀಳಿ ಬಂಗಾರ ತೆಗೆಯುವ ಕಂಪನಿಯೊಂದಿದೆ; ಅದರ ಬಹುಪಾಲು ಒಡೆತನವು ಕರ್ನಾಟಕ ಸರಕಾರದ್ದು, ಎಂದರೆ ನಮ್ಮದು. ಆ ಕಂಪನಿಯ ವರ್ಷದ ಲಾಭವೆಷ್ಟು, ಪಾಲುಗಾರರಿಗೆ ಹಂಚಿದುದೆಷ್ಟು, ಹಂಚಿದುದು ಎಲ್ಲಿಗೆ ಹೋಯಿತು ಎಂದು ಕೇಳುವವರು ಮಾತ್ರ ಬಜಾರದಲ್ಲಿಯೂ ಇಲ್ಲ, ಶಾಲೆಯಲ್ಲಿಯೂ ಇಲ್ಲ. ಕೊಳ್ಳುವವನ ಕಣ್ಣು ನಮಗಿದೆ. ಒಡೆಯನ ಕಣ್ಣು ಇನ್ನೂ ತೆರೆದಿಲ್ಲ. ಅದನ್ನು ತೆರೆಯಬೇಕೆಂಬುದೇ ಈ ಲೇಖನದ ಉದ್ದೇಶವು.

ಹಿಂದಿನ ಒಡೆಯರು

ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬದಲ್ಲಿ ಬಂಗಾರವನ್ನು ಅಗೆಯುವ ವಿದ್ಯೆಯು ವಿಲಾಯತಿಯಿಂದ ಬಂದುದಲ್ಲ. ಹಟ್ಟಿಯ ಪ್ರಾಚೀನ ಅಗೆತಗಳು ಆರು ನೂರು ಅಡಿಗೂ ಹೆಚ್ಚಿನ ಆಳದವರೆಗೆ ಹೋಗಿದ್ದುವೆಂಬುದನ್ನು ಆಧುನಿಕ ಗಣಿಗಾರರೇ ಕಂಡು ಬೆರಗಾದರು. ಉಗಿಯಂತ್ರವಿಲ್ಲದ, ಸಿಡಿಮದ್ದಿಲ್ಲದ ಕಾಲದಲ್ಲಿ ಬೆಂಕಿಯಿಂದ ಕಲ್ಲನ್ನು ಕಾಯಿಸಿ, ನೀರೆರಚಿ ಒಡೆದು, ಅಷ್ಟು ಆಳಕ್ಕೆ ಇಳಿದವರು ಈ ನೆಲದ ಜನರೇ. ಹತ್ತಿರದ ಮಸ್ಕಿಯಲ್ಲಿ ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನವನ್ನು 1915ರಲ್ಲಿ ಮೊದಲು ಕಂಡವನು ಬೀಡನ್ ಎಂಬ ಗಣಿ ಎಂಜಿನಿಯರನು. ಅವನು ಅಲ್ಲಿ ತಿರುಗಾಡುತ್ತಿದ್ದುದು ಬಂಗಾರವನ್ನು ಹುಡುಕುವದಕ್ಕಾಗಿ. ಚಕ್ರವರ್ತಿಯ ಹೆಸರೂ ಬಂಗಾರದ ಎಳೆಯೂ ಒಂದೇ ನೆಲದಲ್ಲಿ ದೊರೆತುದು ಈ ಸೀಮೆಯ ಭಾಗ್ಯವೆಂದೇ ಹೇಳಬೇಕು. ಆ ಭಾಗ್ಯವನ್ನು ಉಂಡವರು ಯಾರೆಂಬುದೇ ಪ್ರಶ್ನೆ.

1886ರಲ್ಲಿ ಲಂಡನ್ನಿನಲ್ಲಿ ಹೈದರಾಬಾದ ಡೆಕ್ಕನ್ ಕಂಪನಿಯು ಹುಟ್ಟಿತು. ನಿಜಾಮ ಸಂಸ್ಥಾನದ ಖನಿಜಗಳನ್ನು ಅಗೆಯುವ ಹಕ್ಕು ಅದಕ್ಕೆ ದೊರೆಯಿತು. ಕಾಗದದ ಮೇಲೆ ಅದರ ಮೂಲಧನವು ಹತ್ತು ಲಕ್ಷ ಪೌಂಡುಗಳು, ಎಂದರೆ ಹತ್ತು ಪೌಂಡಿನ ಒಂದು ಲಕ್ಷ ಪಾಲುಗಳು. ಆದರೆ ಅವುಗಳಲ್ಲಿ 85,000 ಪಾಲುಗಳು ಹಕ್ಕನ್ನು ಪಡೆದುಕೊಂಡವರಿಗೇ ರೊಕ್ಕವಿಲ್ಲದೆ ಸಂದುವು. ನಿಜವಾಗಿ ಹಣ ಕೊಟ್ಟು ಕೊಂಡವು 15,000 ಮಾತ್ರ. ಬಳಿಕ ಆ ಬಿಟ್ಟಿ ಪಾಲುಗಳು ಪೇಟೆಗೆ ಬಂದುವು. ನಿಜಾಮರ ಸರಕಾರವೇ ತನ್ನ ಬೊಕ್ಕಸದಿಂದ ಮುಖಬೆಲೆಗಿಂತ ಹೆಚ್ಚಿನ ದರಕ್ಕೆ ಕೆಲವನ್ನು ಕೊಂಡಿತು! ತನ್ನ ನೆಲದ ಹಕ್ಕನ್ನು ತಾನೇ ದಾನ ಮಾಡಿ, ದಾನದ ಪತ್ರವನ್ನು ದುಡ್ಡು ಕೊಟ್ಟು ಹಿಂದಕ್ಕೆ ಪಡೆದ ಕಥೆಯಿದು. 1888ರಲ್ಲಿ ಬ್ರಿಟಿಷ ಪಾರ್ಲಿಮೆಂಟಿನ ಸಮಿತಿಯೊಂದು ಈ ವ್ಯವಹಾರವನ್ನು ವಿಚಾರಿಸಬೇಕಾಯಿತು. ಸಂಸ್ಥಾನದ ಪರವಾಗಿ ಓಡಾಡಿದ ಅಧಿಕಾರಿ ಅಬ್ದುಲ್ ಹಕ್ ಪದವಿಯನ್ನು ಕಳೆದುಕೊಂಡನು. ಲಿಂಗಸುಗೂರಿನ ರೈತನಿಗೆ ಈ ಪಾಲುಗಳೆಂದರೇನೆಂಬುದು ತಿಳಿದಿರಲಿಲ್ಲ; ತಿಳಿಸುವವರೂ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಟ್ಟಿ (ನಿಜಾಮ್ಸ್) ಗೋಲ್ಡ್ ಮೈನ್ಸ್ ಎಂಬ ವಿಲಾಯತಿ ಕಂಪನಿಯು ಇಲ್ಲಿ ಅಗೆಯಿತು. ಕೋಲಾರದಲ್ಲಿ ಹೆಸರಾದ ಜಾನ್ ಟೇಲರ್ ಅಂಡ್ ಸನ್ಸ್ ಅವರೇ ಇಲ್ಲಿಯೂ ವ್ಯವಸ್ಥಾಪಕರು. 1920ರಲ್ಲಿ ಗಣಿ ನಿಂತಿತು. ಪಾಲುಗಾರರಿಗೆ ಲಾಭವಿಲ್ಲವೆಂದು ತೋರಿದೊಡನೆ ಯಂತ್ರ ನಿಲ್ಲುವದು, ದೀಪ ಆರುವದು, ಕೂಲಿಯವನು ಊರು ಬಿಡುವದು. ಇದು ದೂರದ ಒಡೆಯನ ಸಹಜವಾದ ರೀತಿ. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಒಡೆತನವು ನಮ್ಮದಾದ ಬಗೆ

1947ರಲ್ಲಿ ಹೈದರಾಬಾದ ಗೋಲ್ಡ್ ಮೈನ್ಸ್ ಎಂಬ ಹೆಸರಿನಿಂದ ಹೊಸ ಕಂಪನಿಯು ರಿಜಿಸ್ಟರಾಯಿತು. 1948ರ ಸಪ್ಟೆಂಬರ 17ರಂದು ಸಂಸ್ಥಾನವು ಭಾರತದಲ್ಲಿ ಕೂಡಿತು. 1956ರ ನವೆಂಬರ 1ರಂದು ಕಲಬುರಗಿ, ರಾಯಚೂರು, ಬೀದರಗಳ ಕನ್ನಡ ಸೀಮೆಯು ತನ್ನ ಅಣ್ಣತಮ್ಮಂದಿರನ್ನು ಸೇರಿತು; ಅದರೊಂದಿಗೆ ಹಟ್ಟಿಯೂ ಕನ್ನಡ ನಾಡಿನ ಸೊತ್ತಾಯಿತು. ರಾಜ್ಯ ಪುನರ್ವಿಂಗಡಣೆಯ ತರುವಾಯ ಕಂಪನಿಯ ಹೆಸರೂ ಹಟ್ಟಿ ಚಿನ್ನದ ಗಣಿ ಕಂಪನಿಯೆಂದಾಯಿತು. ಏಕೀಕರಣದ ಹೋರಾಟದಲ್ಲಿ ನಾವು ಭಾಷೆಯನ್ನು ಕುರಿತು ಬಹಳ ಮಾತಾಡಿದೆವು, ಅದು ಯೋಗ್ಯವೇ. ಆದರೆ ನೆಲದ ಕೆಳಗಿನದನ್ನು ಕುರಿತು ಕಡಿಮೆ ಮಾತಾಡಿದೆವು. ಲಂಡನ್ನಿನ ಪಾಲುಗಾರನು ಕುಳಿತಿದ್ದ ಕುರ್ಚಿಯಲ್ಲಿ ಈಗ ಕನ್ನಡಿಗನು ಕುಳಿತಿದ್ದಾನೆ. ಆದರೆ ಕುರ್ಚಿಯಲ್ಲಿ ಕುಳಿತವನು ಲೆಕ್ಕ ಕೇಳದಿದ್ದರೆ ಅವನು ಒಡೆಯನೋ ಅತಿಥಿಯೋ?

2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ನಾಡಿನ 175 ತಾಲೂಕುಗಳನ್ನು ಅಳೆದು ನೋಡಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಆ 39ರಲ್ಲಿ 21 ನಮ್ಮ ವಿಭಾಗದವು. ಅವುಗಳಲ್ಲಿ ಲಿಂಗಸುಗೂರೂ ಒಂದು. ಬಂಗಾರವನ್ನು ಹೆತ್ತ ತಾಲೂಕು ಅತ್ಯಂತ ಹಿಂದುಳಿದ ತಾಲೂಕೆಂಬ ಈ ಸಂಗತಿಯನ್ನು ವಾಚಕರು ಎರಡು ಸಲ ಓದಬೇಕೆಂದು ಬೇಡಿಕೊಳ್ಳುತ್ತೇನೆ.

ಲಾಭವನ್ನು ಓದುವ ಬಗೆ

ಈಗ ಅಢಾವೆ ಪತ್ರಿಕೆಗೆ ಬರೋಣ. ಗಣಿಯ ಲಾಭವು ಎರಡು ಕಾರಣಗಳಿಂದ ಹೆಚ್ಚುವದು. ಒಂದು, ಹೆಚ್ಚು ಕೆಲಸ ಮಾಡಿ ಹೆಚ್ಚು ಬಂಗಾರ ತೆಗೆದರೆ. ಎರಡು, ಕೆಲಸವು ಇದ್ದಷ್ಟೇ ಇದ್ದು ಪೇಟೆಯ ದರ ಏರಿದರೆ. ಒಂದು ಟನ್ ಕಲ್ಲನ್ನು ಕುಟ್ಟಿ ಹಿಟ್ಟು ಮಾಡಿದರೆ ದೊರೆಯುವದು ಬೆರಳಲ್ಲಿ ಎಣಿಸುವಷ್ಟು ಗ್ರಾಮು ಬಂಗಾರ. ಒಂದು ಗಣಿಯು ವರ್ಷಕ್ಕೆ ಒಂದೂವರೆ ಟನ್ ಬಂಗಾರವನ್ನು ತೆಗೆಯುವದೆಂದು ಲೆಕ್ಕಕ್ಕಾಗಿ ಹಿಡಿಯೋಣ. ಗ್ರಾಮಿಗೆ ಒಂದು ಸಾವಿರ ರೂಪಾಯಿ ದರ ಏರಿದರೆ ಆ ಗಣಿಯ ಉತ್ಪನ್ನವು 150 ಕೋಟಿ ರೂಪಾಯಿ ಹೆಚ್ಚುವದು. ಇದಕ್ಕಾಗಿ ಒಬ್ಬ ಕೂಲಿಯೂ ಒಂದು ಮೊಳ ಹೆಚ್ಚು ಅಗೆಯಬೇಕಾದುದಿಲ್ಲ, ಒಬ್ಬ ಅಧಿಕಾರಿಯೂ ಒಂದು ತಾಸು ಹೆಚ್ಚು ಯೋಚಿಸಬೇಕಾದುದಿಲ್ಲ. ಇಂಥ ಲಾಭವು ಆಡಳಿತದ ಜಾಣ್ಮೆಯಲ್ಲ. ಸುಗ್ಗಿಯ ಮಳೆಯಂತೆ ಬಂದ ಅದೃಷ್ಟವು. ಮಳೆ ಬಂದ ವರ್ಷ ಕೆರೆಯನ್ನು ತುಂಬಿಸಿಕೊಳ್ಳದ ಊರು ಬರಗಾಲದಲ್ಲಿ ಅಳುವದು. ಆದುದರಿಂದ ಲಾಭದ ಅಂಕೆಯನ್ನು ಕಂಡು ಚಪ್ಪಾಳೆ ತಟ್ಟುವ ಮುನ್ನ, ಇದರಲ್ಲಿ ದರದ ಪಾಲೆಷ್ಟು, ದುಡಿಮೆಯ ಪಾಲೆಷ್ಟು ಎಂದು ಕೇಳುವದು ಒಡೆಯನ ಮೊದಲ ಕರ್ತವ್ಯವು.

ಎರಡನೆಯದಾಗಿ, ಗಣಿಯಿಂದ ಹೊರಡುವ ಹಣದ ಕಾಲುವೆಗಳನ್ನು ಒಂದಕ್ಕೊಂದು ಬೆರೆಸಬಾರದು. ರಾಜಧನವು ನೆಲದ ಬಾಡಿಗೆ. ಅದು ರಾಜ್ಯದ ಬೊಕ್ಕಸಕ್ಕೆ ಸಲ್ಲುವದು. ಬಂಗಾರದ ಅದಿರಿಗೆ ಅದರ ದರವನ್ನು 2014ರಲ್ಲಿ ಶೇಕಡಾ 4ಕ್ಕೆ ಏರಿಸಲಾಯಿತು. 2015ರಲ್ಲಿ ಕಾಯಿದೆಯನ್ನು ತಿದ್ದಿ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಹುಟ್ಟಿಸಿದರು. ಆ ವರ್ಷದ ಜನವರಿ 12ಕ್ಕಿಂತ ಹಿಂದಿನ ಗುತ್ತಿಗೆಗಳು ರಾಜಧನದ ಶೇಕಡಾ 30ರಷ್ಟನ್ನು ಅದಕ್ಕೆ ಕೊಡಬೇಕು. ಇನ್ನು 2013ರ ಕಂಪನಿ ಕಾಯಿದೆಯ 135ನೆಯ ಕಲಮಿನ ಮೇರೆಗೆ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ನ್ನು ಲೋಕೋಪಕಾರಕ್ಕೆ ವೆಚ್ಚ ಮಾಡಬೇಕು. ಇವೆಲ್ಲ ಸಂದ ಮೇಲೆ, ತೆರಿಗೆಯನ್ನೂ ತೆತ್ತ ಮೇಲೆ ಉಳಿದುದರಲ್ಲಿ ಪಾಲುಗಾರರಿಗೆ ಹಂಚುವದೇ ಲಾಭಾಂಶವು.

ವಾಚಕರು ಲೆಕ್ಕ ಹಾಕಿ ನೋಡಲಿ. ನೂರು ರೂಪಾಯಿಯ ಬಂಗಾರ ಹುಟ್ಟಿದರೆ ರಾಜಧನವು ಸುಮಾರು ನಾಲ್ಕು ರೂಪಾಯಿ; ಅದಕ್ಕೆ ಸೇರಿಸಿ ಜಿಲ್ಲೆಯ ಪ್ರತಿಷ್ಠಾನಕ್ಕೆ ಬರುವದು ಒಂದು ರೂಪಾಯಿ ಇಪ್ಪತ್ತು ಪೈಸೆ. ಧೂಳನ್ನು ನುಂಗುವ ಊರಿಗೆ, ಅಂತರ್ಜಲವನ್ನು ಕಳೆದುಕೊಳ್ಳುವ ಹೊಲಕ್ಕೆ, ಗಣಿಯ ತ್ಯಾಜ್ಯದ ದಿಬ್ಬಗಳ ನೆರಳಿನಲ್ಲಿ ಬಾಳುವ ಮಕ್ಕಳಿಗೆ ಕಾಯಿದೆಯು ಹಕ್ಕೆಂದು ಕೊಟ್ಟುದು ಇಷ್ಟು. ಹೆಚ್ಚಿನ ಮಾತೆಲ್ಲ ಲಾಭಾಂಶದ ಸಾಲಿನಲ್ಲಿಯೇ ಅಡಗಿದೆ. ಆ ಸಾಲಿನ ಹಣವಾದರೋ ನಾಡಿನ ದೊಡ್ಡ ಬೊಕ್ಕಸದಲ್ಲಿ ಬಿದ್ದು, ಕಡಲಿಗೆ ಬಿದ್ದ ಹೊಳೆಯಂತೆ ಹೆಸರಿಲ್ಲದಾಗುವದು.

ಸವೆಯುವ ಆಸ್ತಿ

ವಕೀಲರಿಗೆ ಪರಿಚಿತವಾದ ಒಂದು ಹಳೆಯ ಖಟ್ಲೆಯಿದೆ. 1889ರಲ್ಲಿ ಇಂಗ್ಲೆಂಡಿನ ಅಪೀಲು ಕೋರ್ಟಿನಲ್ಲಿ ನ್ಯೂಶಾಟೆಲ್ ಆಸ್ಫಾಲ್ಟ್ ಕಂಪನಿಯ ಪಾಲುಗಾರನೊಬ್ಬನು ವಾದಿಸಿದನು: ಗಣಿಯು ವರ್ಷವರ್ಷಕ್ಕೆ ಸವೆಯುತ್ತಿದೆ, ಆ ಸವಕಳಿಯನ್ನು ತುಂಬಿಸಿಕೊಳ್ಳದೆ ಲಾಭಾಂಶ ಹಂಚಬಾರದು ಎಂದು. ಹಾಗೆ ತುಂಬಿಸಿಕೊಳ್ಳುವ ಕಟ್ಟು ಕಂಪನಿಗೆ ಇಲ್ಲವೆಂದು ಕೋರ್ಟು ತೀರ್ಪಿತ್ತಿತು. ನಮ್ಮ 2013ರ ಕಾಯಿದೆಯ 123ನೆಯ ಕಲಮು ಯಂತ್ರ ಕಟ್ಟಡಗಳ ಸವಕಳಿಯನ್ನು ಕಳೆದು ಲಾಭಾಂಶ ಹಂಚಿರೆನ್ನುತ್ತದೆ. ನೆಲದೊಳಗಿಂದ ಹೋದ ಬಂಗಾರಕ್ಕೆ ಪ್ರತಿಯಾಗಿ ಏನನ್ನಾದರೂ ಕೂಡಿಡಿರೆಂದು ಹೇಳುವದಿಲ್ಲ. ನ್ಯಾಯಾಲಯದ ತೀರ್ಪು ಲಂಡನ್ನಿನ ಪಾಲುಗಾರನಿಗೆ ಹಿತವಾಗಿದ್ದಿರಬಹುದು. ಅವನು ಒಂದು ಗಣಿ ತೀರಿದರೆ ಇನ್ನೊಂದರ ಪಾಲನ್ನು ಕೊಳ್ಳುತ್ತಿದ್ದನು. ಒಂದು ಜನಾಂಗವು ಹಾಗೆ ಮಾಡಲಾರದು. ಅದಕ್ಕಿರುವದು ಒಂದೇ ನೆಲ. ಅದು ತನ್ನ ಗಣಿಯಿಂದ ಪಡೆದ ಲಾಭಾಂಶದಲ್ಲಿ ಒಂದು ಭಾಗವು ಆದಾಯವೇ ಅಲ್ಲ. ಮನೆಯ ತೊಲೆಯನ್ನು ಮಾರಿ ಬಂದ ಹಣ.

ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾದುದಿಲ್ಲ. ಕೋಲಾರದಲ್ಲಿ 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯು ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಮೊದಲು ಓಡಿದುದು ಆ ಗಣಿಗಳಿಗೇ. ಲಂಡನ್ನಿನ ಪಾಲುಗಾರರು ಏಳು ದಶಕಗಳಿಗೂ ಹೆಚ್ಚು ಕಾಲ ಲಾಭಾಂಶವನ್ನು ಉಂಡರು. 1956ರಲ್ಲಿ ಮೈಸೂರು ಸರಕಾರವು ಗಣಿಗಳನ್ನು ವಶಪಡಿಸಿಕೊಂಡಿತು; 1962ರಲ್ಲಿ ಅವು ಕೇಂದ್ರ ಸರಕಾರದ ಕೈಸೇರಿದುವು; 1972ರಲ್ಲಿ ಭಾರತ ಗೋಲ್ಡ್ ಮೈನ್ಸ್ ಆಯಿತು. ನಮಗೆ ದೊರೆಯುವ ಹೊತ್ತಿಗೆ ಅದಿರಿನ ಸತ್ವವು ತೆಳುವಾಗಿತ್ತು, ಆಳವು ಎರಡು ಮೈಲಿಯನ್ನು ಮುಟ್ಟುತ್ತ ಬಂದಿತ್ತು. 2001ರ ಫೆಬ್ರುವರಿ 28ರಂದು ಬಾಗಿಲು ಮುಚ್ಚಿತು. ಒಟ್ಟು 800 ಟನ್ನುಗಳಿಗೆ ಮೀರಿದ ಬಂಗಾರವನ್ನು ಲೋಕಕ್ಕೆ ಕೊಟ್ಟ ಊರಿಗೆ ಉಳಿದುದು ಸೈನೈಡಿನ ದಿಬ್ಬಗಳು, ಖಾಲಿಯಾದ ಕೂಲಿಯವರ ಸಾಲುಮನೆಗಳು, ಕೆಲಸಕ್ಕಾಗಿ ನಿತ್ಯ ಬೆಳಗ್ಗೆ ಬೆಂಗಳೂರಿನ ರೈಲನ್ನು ಹಿಡಿಯುವ ತರುಣರು. ಆ ದಿಬ್ಬಗಳನ್ನೇ ಮತ್ತೆ ಜಾಲಾಡಿ ಬಂಗಾರ ತೆಗೆಯುವ ಏರ್ಪಾಟಿಗೆ 2024ರ ಜೂನದಲ್ಲಿ ರಾಜ್ಯದ ಮಂತ್ರಿಮಂಡಲವು ಒಪ್ಪಿಗೆಯಿತ್ತಿತು! ಪ್ರತಿ ವರ್ಷದ ಲಾಭದಲ್ಲಿ ನೂರಕ್ಕೆ ಐದನ್ನಾದರೂ ಆ ಊರಿನ ಹೆಸರಿನಲ್ಲಿ ಕೂಡಿಟ್ಟಿದ್ದರೆ ಇಂದು ಊರು ತನ್ನ ಕಸವನ್ನು ಕೆದಕುವ ಸ್ಥಿತಿಗೆ ಬರುತ್ತಿರಲಿಲ್ಲ. ಹಟ್ಟಿಗೂ ಒಂದು ದಿನ ಈ ಗತಿ ಬಾರದೆಂದು ಹೇಳಬಲ್ಲವರಾರು? ಗಣಿಯು ಎಷ್ಟು ಆಳಕ್ಕೆ ಹೋದರೂ ಅದಕ್ಕೊಂದು ತಳವಿದೆ.

ಒಂದೇ ತಾಯಿಯ ಎರಡು ಮಕ್ಕಳು

1886ರ ಆ ಹೈದರಾಬಾದ ಡೆಕ್ಕನ್ ಕಂಪನಿಯು ತೆಲುಗು ಸೀಮೆಯಲ್ಲಿ ಕಲ್ಲಿದ್ದಲನ್ನೂ ಅಗೆಯಿತು. ಅದರ ಆಸ್ತಿಯನ್ನು ಪಡೆದು 1920ರಲ್ಲಿ ಹುಟ್ಟಿದುದೇ ಸಿಂಗರೇಣಿ ಕಂಪನಿಯು. ಅದರಲ್ಲಿ ಈಗ ತೆಲಂಗಾಣ ಸರಕಾರದ್ದು 51 ಪಾಲು, ಕೇಂದ್ರದ್ದು 49. ಅಲ್ಲಿ ಪ್ರತಿ ವರ್ಷ ದಸರೆಯ ಮುಂಚೆ ಲಾಭದಲ್ಲಿ ಕಾರ್ಮಿಕರ ಪಾಲೆಷ್ಟೆಂಬುದನ್ನು ಮುಖ್ಯಮಂತ್ರಿಗಳೇ ಬಹಿರಂಗವಾಗಿ ಸಾರುತ್ತಾರೆ. 2024ರಲ್ಲಿ, ಬೆಳವಣಿಗೆಗೆಂದು ತೆಗೆದಿಟ್ಟು ಉಳಿದ ಲಾಭದ ಶೇಕಡಾ 33, ಎಂದರೆ 796 ಕೋಟಿ ರೂಪಾಯಿ, ಕಾರ್ಮಿಕರಿಗೆ ಸಂದಿತು. ಗುತ್ತಿಗೆಯ ಕೆಲಸಗಾರರಿಗೂ ತಲಾ ಐದು ಸಾವಿರ ದೊರೆಯಿತು. ಅಲ್ಲಿಯ ಹಳ್ಳಿಯ ಚಹದಂಗಡಿಯಲ್ಲಿಯೂ ಈ ಅಂಕೆಯು ಚರ್ಚೆಯಾಗುವದು, ಈ ವರ್ಷ ಹೆಚ್ಚಿತೇ ಕಡಿಮೆಯಾಯಿತೇ ಎಂದು. ಲೆಕ್ಕವು ಜನರ ಬಾಯಲ್ಲಿದ್ದರೆ ಆಡಳಿತವು ಎಚ್ಚರವಾಗಿರುವದು. ಹಟ್ಟಿಯ ಲೆಕ್ಕವು ನಮ್ಮ ಬಾಯಲ್ಲಿ ಏಕಿಲ್ಲ?

ಆಕ್ಷೇಪಕ್ಕೆ ಉತ್ತರ

ಇಲ್ಲಿ ಒಬ್ಬರು ಹೇಳಬಹುದು: "ನಾಡು ಒಂದು, ಬೊಕ್ಕಸವೂ ಒಂದು, ಹಟ್ಟಿಯ ಬಂಗಾರ ಹಟ್ಟಿಗೆ, ಕಾವೇರಿಯ ನೀರು ಮಂಡ್ಯಕ್ಕೆ ಎಂದು ಹಂಚುತ್ತ ಹೋದರೆ ಏಕೀಕರಣವು ಉಳಿಯುವದೇ?" ಈ ಆಕ್ಷೇಪವು ಗೌರವಕ್ಕೆ ಪಾತ್ರವಾದುದು, ನಾನೂ ನಾಡನ್ನು ಒಡೆಯುವ ಮಾತನ್ನು ಎಂದೂ ಸಹಿಸೆನು. ಆದರೆ ಒಂದಾದ ಮನೆಯಲ್ಲಿ ಒಬ್ಬ ತಮ್ಮನು ತನ್ನ ಪಾಲಿನ ಒಡವೆಯನ್ನೆಲ್ಲ ಹಂಡೆಗೆ ಹಾಕಿ ತಾನು ಹಸಿದಿದ್ದರೆ, ಅದು ಐಕ್ಯವಲ್ಲ, ಅಲಕ್ಷ್ಯವು. ಐಕ್ಯವು ನ್ಯಾಯದಿಂದ ಗಟ್ಟಿಯಾಗುವದು. ಸಂವಿಧಾನದ 371ಜೆ ಕಲಮು ಬಂದ ಮೇಲೆ, ಕಲ್ಯಾಣ ಕರ್ನಾಟಕವೆಂದು 2019ರಲ್ಲಿ ಹೆಸರಾದ ಈ ಭಾಗಕ್ಕೆ ಪ್ರತ್ಯೇಕ ಅನುದಾನವು ಬರುತ್ತಿದೆಯಲ್ಲವೇ ಎಂದು ಇನ್ನೊಬ್ಬರು ಕೇಳಬಹುದು. ಬರುತ್ತಿದೆ, ಬರಲಿ. ಆದರೆ ಅನುದಾನವು ಕೊಡುವವನ ಮನಸ್ಸು, ಲಾಭಾಂಶವು ಒಡೆಯನ ಹಕ್ಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮೂರನೆಯ ಮಾತು ಗಣಿಯ ಅಧಿಕಾರಿಗಳದು: ಲಾಭವನ್ನೆಲ್ಲ ಹಂಚಿಬಿಟ್ಟರೆ ಹೊಸ ಬಾವಿಯನ್ನು ಇಳಿಸುವದು ಹೇಗೆ, ಹೊಸ ಯಂತ್ರ ತರುವದು ಹೇಗೆ? ಇದೂ ಸತ್ಯವೇ. ಗಣಿಯನ್ನು ಹಾಲು ಕರೆಯುವ ಆಕಳೆಂದು ತಿಳಿದು ಮೇವು ಹಾಕದೆ ಕರೆದರೆ ಕೆಚ್ಚಲು ಬತ್ತುವದು. ಆದುದರಿಂದಲೇ ಲಾಭವನ್ನು ಮೂರು ಭಾಗವಾಗಿ ಕಾಣಬೇಕು: ಗಣಿಯ ಇಂದಿನ ಬೆಳವಣಿಗೆಗೆ ಒಂದು, ಒಡೆಯನಾದ ನಾಡಿಗೆ ಒಂದು, ಗಣಿ ತೀರಿದ ಬಳಿಕ ಬದುಕಬೇಕಾದ ಊರಿಗೆ ಒಂದು. ಮೊದಲ ಎರಡಕ್ಕೆ ಕೇಳುವವರಿದ್ದಾರೆ. ಮೂರನೆಯದಕ್ಕೆ ಇನ್ನೂ ಹುಟ್ಟದ ಮಕ್ಕಳು ಕೇಳಬೇಕು; ಅವರ ಪರವಾಗಿ ನಾವು ವಕಾಲತ್ತು ವಹಿಸಬೇಕು.

ಮಾಡಬೇಕಾದುದೇನು?

ಮೊದಲನೆಯದಾಗಿ, ಲೆಕ್ಕವು ಕನ್ನಡದಲ್ಲಿ ಜನರ ಕೈಗೆ ಬರಬೇಕು. ಸರಕಾರಿ ಕಂಪನಿಯ ವಾರ್ಷಿಕ ವರದಿಯನ್ನು, ಲೆಕ್ಕಪರಿಶೋಧಕರ ಅಭಿಪ್ರಾಯದೊಡನೆ, ಶಾಸನಸಭೆಯ ಮುಂದೆ ಇಡಬೇಕೆಂದು ಕಂಪನಿ ಕಾಯಿದೆಯ 395ನೆಯ ಕಲಮು ವಿಧಿಸುತ್ತದೆ. ಮೇಜಿನ ಮೇಲೆ ಇಟ್ಟ ಮಾತ್ರಕ್ಕೆ ಕರ್ತವ್ಯವು ತೀರಲಿಲ್ಲ. ತೆಗೆದ ಬಂಗಾರವೆಷ್ಟು, ಮಾರಿದ ದರವೆಷ್ಟು, ವೆಚ್ಚವೆಷ್ಟು, ರಾಜಧನವೆಷ್ಟು, ಲಾಭಾಂಶವೆಷ್ಟು, ನೆಲದಲ್ಲಿ ಉಳಿದ ಅದಿರೆಷ್ಟು ಎಂಬ ಆರು ಅಂಕೆಗಳನ್ನು ಒಂದೇ ಹಾಳೆಯಲ್ಲಿ ತಿಳಿಗನ್ನಡದಲ್ಲಿ ಅಚ್ಚುಮಾಡಿಸಿ, ಹಟ್ಟಿಯಲ್ಲಿ, ಲಿಂಗಸುಗೂರಿನಲ್ಲಿ, ರಾಯಚೂರು ಕಲಬುರಗಿಗಳ ವಾಚನಾಲಯಗಳಲ್ಲಿ ತೂಗಹಾಕಬೇಕು.

ಎರಡನೆಯದಾಗಿ, ಶಾಶ್ವತ ನಿಧಿಯೊಂದು ಬೇಕು. ಗೋವೆಯ ಕಬ್ಬಿಣದ ಅದಿರಿನ ವಿಷಯದಲ್ಲಿ ಸುಪ್ರೀಮ್ ಕೋರ್ಟು 2014ರ ಏಪ್ರಿಲದಲ್ಲಿ ಮಾರಾಟದ ಹಣದ ಶೇಕಡಾ 10ನ್ನು ಶಾಶ್ವತ ನಿಧಿಗೆ ಕಟ್ಟಬೇಕೆಂದು ಆಜ್ಞಾಪಿಸಿತು. ನಾರ್ವೆ ದೇಶವು 1990ರಲ್ಲಿ ಎಣ್ಣೆಯ ನಿಧಿಯನ್ನು ಸ್ಥಾಪಿಸಿ, ಅಸಲನ್ನು ಮುಟ್ಟದೆ ಹುಟ್ಟುವಳಿಯಲ್ಲಿ ನಡೆಯುವ ಹಾದಿಯನ್ನು ಹಿಡಿಯಿತು. ಗೋವೆಗೆ ಕೋರ್ಟು ಹೇಳಬೇಕಾಯಿತು. ಕನ್ನಡ ನಾಡು ತಾನಾಗಿಯೇ ಮಾಡಿದರೆ ಅದಕ್ಕೆ ಕೀರ್ತಿ. ಬೆಲೆ ಏರಿದ ಈ ವರ್ಷಗಳೇ ಅದಕ್ಕೆ ಸುಮುಹೂರ್ತವು. ಇಳಿದ ಮೇಲೆ ಯಾರೂ ಕೂಡಿಡಲಾರರು.

ಮೂರನೆಯದಾಗಿ, ನಾಡಿಗೆ ಸಲ್ಲುವ ಲಾಭಾಂಶದಲ್ಲಿ ಕಾಲು ಪಾಲನ್ನು ಲಿಂಗಸುಗೂರು ಮತ್ತು ಅದರ ನೆರೆಯ ತಾಲೂಕುಗಳ ಶಾಲೆ, ಕುಡಿಯುವ ನೀರು, ದವಾಖಾನೆಗಳಿಗೆ ಶಾಸನದ ಮೂಲಕವೇ ಗೊತ್ತುಪಡಿಸಬೇಕು. ಮಂತ್ರಿಗಳ ದಯೆಗೆ ಅದನ್ನು ಬಿಡಕೂಡದು.

ಶಿಕ್ಷಕ ಬಂಧುಗಳಲ್ಲಿ ಒಂದು ವಿಶೇಷ ಪ್ರಾರ್ಥನೆಯಿದೆ. ಬಡ್ಡಿಯ ಲೆಕ್ಕವನ್ನೂ ಲಾಭನಷ್ಟದ ಲೆಕ್ಕವನ್ನೂ ನೀವು ದಿನಾಲು ಕಲಿಸುತ್ತೀರಿ. ಕಲ್ಪಿತ ವ್ಯಾಪಾರಿಯು ಕೊಂಡ ಕಲ್ಪಿತ ಮಾವಿನಹಣ್ಣಿನ ಬದಲಾಗಿ ಹಟ್ಟಿಯ ಬಂಗಾರದ ಲೆಕ್ಕವನ್ನು ಒಂದು ದಿನ ಫಳದ ಮೇಲೆ ಬರೆಯಿರಿ. ನೂರು ರೂಪಾಯಿಯ ಬಂಗಾರದಲ್ಲಿ ತನ್ನ ಜಿಲ್ಲೆಯ ಪ್ರತಿಷ್ಠಾನಕ್ಕೆ ಒಂದು ರೂಪಾಯಿ ಇಪ್ಪತ್ತು ಪೈಸೆ ಬರುವದೆಂದು ರಾಯಚೂರಿನ ಹುಡುಗನು ತಾನೇ ಕಂಡುಹಿಡಿಯಲಿ. ಉಳಿದುದು ಎಲ್ಲಿಗೆ ಹೋಯಿತೆಂಬ ಪ್ರಶ್ನೆಯನ್ನು ಅವನೇ ಕೇಳುವನು. ಆ ಪ್ರಶ್ನೆಯು ಹತ್ತು ಸಾವಿರ ಮನೆಗಳಲ್ಲಿ ಕೇಳಿಬಂದ ದಿನ ಶಾಸನಸಭೆಯು ಕಿವಿಗೊಡದೆ ಇರಲಾರದು.

ನಮ್ಮ ಹಿರಿಯರು ಹರಿದು ಹಂಚಿಹೋದ ನಾಡನ್ನು ಒಂದುಗೂಡಿಸಿ ನಮ್ಮ ಕೈಗಿತ್ತರು. ಗಡಿಯ ಗೆರೆಯನ್ನು ಅವರು ಕೂಡಿಸಿದರು. ಖಾತೆಯ ಗೆರೆಯನ್ನು ಕೂಡಿಸುವ ಕೆಲಸವು ನಮಗೆ ಉಳಿದಿದೆ. ಮುಂದಿನ ಸಲ ಬಜಾರದಲ್ಲಿ ಬಂಗಾರದ ದರವನ್ನು ಕೇಳಿದ ಪ್ರತಿಯೊಬ್ಬ ಕನ್ನಡಿಗನೂ ಅದೇ ಉಸಿರಿನಲ್ಲಿ ಹಟ್ಟಿಯ ಲಾಭಾಂಶವನ್ನೂ ಕೇಳಲಿ. ಕೇಳದ ಒಡೆಯನಿಗೆ ಲೆಕ್ಕ ಒಪ್ಪಿಸುವ ಕಾರಭಾರಿಯು ಲೋಕದಲ್ಲಿ ಎಲ್ಲಿಯೂ ಹುಟ್ಟಿಲ್ಲ.

— ಒಬ್ಬ ವಕೀಲ, ಸ್ಟೇಶನ್ ಬಜಾರ, ಕಲಬುರಗಿ